ಡಾರ್ಕೆಸ್ಟ್ ಡಂಜನ್: ಯಾವ ಡಿಎಲ್‌ಸಿ ಮೊದಲು, ಯಾವುದು ಆಮೇಲೆ?

ಸ್ಟೀಮ್‌ನಲ್ಲಿ (ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ) ಸೇಲ್ ಶುರುವಾಯಿತು ಅಂದರೆ ಹುಬ್ಬಳ್ಳಿ-ಧಾರವಾಡದ ಗೇಮಿಂಗ್ ಗೆಳೆಯರಿಂದ ಒಂದೇ ಪ್ರಶ್ನೆ. ‘ಅಣ್ಣಾ, ಡಾರ್ಕೆಸ್ಟ್ ಡಂಜನ್ ತಗೊಂಡೀನಿ, ಆಟ ಭಾಳ ಹಿಡಿಸೇತಿ. ಡಿಎಲ್‌ಸಿ ಮೂರ್ ಅದಾವು. ಯಾವ್ದ್ ತಗೊಳ್ಳಿ?’ ಡಿಎಲ್‌ಸಿ ಅಂದರೆ ಮೂಲ ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ. ಕೇಳುವವರು ಒಂದೇ ಥರದವರಲ್ಲ. ಸಪ್ತಾಪುರದ ಪಿಜಿಯಲ್ಲಿ ಇದ್ದುಕೊಂಡು ಪರೀಕ್ಷೆಗೆ ಓದುವವರಿದ್ದಾರೆ. ಬೆಟಗೇರಿಯಲ್ಲಿ ಅಂಗಡಿ ಬಾಗಿಲು ಹಾಕಿದ ಮೇಲೆ ಒಂದು ತಾಸು ಆಡುವವರಿದ್ದಾರೆ. ರಾಣೆಬೆನ್ನೂರಿನಲ್ಲಿ ಹಳೆಯ ಲ್ಯಾಪ್‌ಟಾಪ್‌ ಇಟ್ಟುಕೊಂಡು ಕೂತವರೂ ಇದ್ದಾರೆ. ಎಲ್ಲರಿಗೂ ಒಂದೇ ಉತ್ತರ ಹೇಳಿದರೆ ಯಾರಿಗೋ ಒಬ್ಬರಿಗೆ ರೊಕ್ಕ ದಂಡ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕೆನಡಾದ ವ್ಯಾಂಕೂವರ್‌ನ ರೆಡ್ ಹುಕ್ ಸ್ಟುಡಿಯೋಸ್ ಮಾಡಿದ ಆಟವಿದು. 2016ರ ಜನವರಿಯಲ್ಲಿ ಪೂರ್ತಿ ರೂಪದಲ್ಲಿ ಬಂತು. ಹಾಳುಬಿದ್ದ ಒಂದು ವಾಡೆ, ಅದರ ಕೆಳಗೆ ಎಚ್ಚೆತ್ತ ಕೇಡು, ಪಕ್ಕದಲ್ಲೊಂದು ಬಡ ಹಳ್ಳಿ. ನಾಲ್ಕು ಹೀರೋಗಳ ತಂಡ ಕಟ್ಟಿ ಒಳಗೆ ಕಳಿಸಬೇಕು. ಟಾರ್ಚ್ ಕುಗ್ಗಿದಂತೆ ಅಪಾಯ ಏರುತ್ತದೆ. ಪ್ರತಿ ಹೀರೋಗೂ ಒಂದು ಸ್ಟ್ರೆಸ್ ಮೀಟರ್ ಇದೆ. ಅದು 100 ಮುಟ್ಟಿದರೆ ಮನಸ್ಸು ಮುರಿಯುತ್ತದೆ. ಅಪರೂಪಕ್ಕೆ ಗಟ್ಟಿಯಾಗುವುದೂ ಉಂಟು. 200 ಮುಟ್ಟಿದರೆ ಹಾರ್ಟ್ ಅಟ್ಯಾಕ್. ಸತ್ತವರು ವಾಪಸ್ ಬರುವ ಭರವಸೆ ಇಟ್ಟುಕೊಳ್ಳಬೇಡಿ. ಆಟ ತಾನೇ ಸೇವ್ ಮಾಡಿಕೊಳ್ಳುತ್ತಾ ಹೋಗುತ್ತದೆ, ಹಿಂದಕ್ಕೆ ಹೋಗಿ ತಿದ್ದಿಕೊಳ್ಳಲು ಆಗುವುದಿಲ್ಲ. ಇದರಿಂದ ಒಂದು ಅನುಕೂಲವೂ ಇದೆ. ನಡುವೆ ಕರೆಂಟ್ ಹೋದರೂ ಆಡಿದ್ದೆಲ್ಲ ಮಣ್ಣುಪಾಲಾಗುವುದಿಲ್ಲ.

ರೊಕ್ಕ ಕೊಟ್ಟು ಕೊಳ್ಳುವ ದೊಡ್ಡ ಡಿಎಲ್‌ಸಿಗಳು ಮೂರು. ಕ್ರಿಮ್ಸನ್ ಕೋರ್ಟ್ 2017ರ ಜೂನ್‌ನಲ್ಲಿ ಬಂತು. ಶೀಲ್ಡ್‌ಬ್ರೇಕರ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಕಲರ್ ಆಫ್ ಮ್ಯಾಡ್‌ನೆಸ್ 2018ರ ಜೂನ್‌ನಲ್ಲಿ. ಬುಚರ್ಸ್ ಸರ್ಕಸ್ ಅಂತ ನಾಲ್ಕನೆಯದು 2020ರ ಮೇನಲ್ಲಿ ಬಂತು. ಅದು ಉಚಿತ.

ಮೊದಲು ಏನನ್ನು ನೋಡಬೇಕು

‘ಯಾವುದು ಚೆಂದ?’ ಅಂತ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಮೂರೂ ಚೆಂದವೇ. ನನ್ನ ಮೊದಲ ಪ್ರಶ್ನೆ ಬೇರೆ: ಇವತ್ತು ಬೇಡ ಅಂದರೆ ಈ ಡಿಎಲ್‌ಸಿ ಸುಮ್ಮನಿರುತ್ತದಾ? ಕೆಲವು ಡಿಎಲ್‌ಸಿಗಳು ನೀವು ಮುಟ್ಟಿದಾಗ ಮಾತ್ರ ಎದ್ದು ಬರುತ್ತವೆ. ಕೆಲವು ಒಮ್ಮೆ ಒಳಗೆ ಬಂದವೆಂದರೆ ನಿಮ್ಮ ಇಡೀ ಆಟದ ಲೆಕ್ಕವನ್ನೇ ಬದಲಿಸುತ್ತವೆ. ಡಾರ್ಕೆಸ್ಟ್ ಡಂಜನ್ ಹತ್ತಾರು ತಾಸು ಹಿಡಿಯುವ ಆಟ. ಅದರ ನಡುವೆ ತಪ್ಪು ಹೊತ್ತಲ್ಲಿ ತಪ್ಪು ಡಿಎಲ್‌ಸಿ ಸೇರಿಸಿದರೆ ಆಟವೇ ಬೇಡ ಅನ್ನಿಸಿಬಿಡುತ್ತದೆ.

ಎರಡನೆಯದು, ನಿಮಗೆ ಒಮ್ಮೆಗೆ ಕೂರಲು ಎಷ್ಟು ಹೊತ್ತು ಸಿಗುತ್ತದೆ? ಮೂರನೆಯದು, ನೀವು ಆಟದಲ್ಲಿ ಎಲ್ಲಿದ್ದೀರಿ? ಈಗಷ್ಟೇ ಶುರು ಮಾಡಿದ್ದೀರಾ, ನಡುವೆ ಸಿಕ್ಕಿಕೊಂಡಿದ್ದೀರಾ, ಒಮ್ಮೆ ಮುಗಿಸಿ ಮತ್ತೆ ಬಂದಿದ್ದೀರಾ? ನಾಲ್ಕನೆಯದು, ನಿಮಗೆ ರುಚಿಸುವುದು ಯಾವುದು: ಹೊಸ ಹೀರೋ, ಹೊಸ ಕತೆ, ಅಥವಾ ಬರೀ ಹೊಡೆದಾಟ? ರೊಕ್ಕದ ಮಾತು ಇವೆಲ್ಲ ಆದಮೇಲೆ.

ಒಂದು ವಿಷಯ ಈಗಲೇ ತಿಳಿದುಕೊಂಡಿರಿ. ಹೊಸ ಆಟ ಶುರು ಮಾಡುವಾಗ ಯಾವ ಡಿಎಲ್‌ಸಿ ಬೇಕು, ಯಾವುದು ಬೇಡ ಅಂತ ಆರಿಸಬಹುದು. ನಡೆಯುತ್ತಿರುವ ಆಟಕ್ಕೂ ಆಮೇಲೆ ಸೇರಿಸಬಹುದು. ಆದರೆ ಒಮ್ಮೆ ಸೇರಿಸಿದ್ದನ್ನು ಆ ಸೇವ್‌ನಿಂದ ತೆಗೆಯಲು ಬರುವುದಿಲ್ಲ. ಅಂದರೆ ಕೊಂಡಿದ್ದನ್ನೆಲ್ಲ ಒಟ್ಟಿಗೆ ಆನ್ ಮಾಡಲೇಬೇಕು ಅಂತಿಲ್ಲ. ಮೂರನ್ನೂ ಸೇಲ್‌ನಲ್ಲಿ ಕೊಂಡು, ಒಂದೊಂದಾಗಿ ಸೇರಿಸಿಕೊಳ್ಳುತ್ತಾ ಹೋಗುವುದೇ ಜಾಣತನ.

ಶೀಲ್ಡ್‌ಬ್ರೇಕರ್: ಚಿಕ್ಕದು, ಆದರೆ ಕೈಗೆ ಬರುವುದು

ಮೂರರಲ್ಲಿ ಇದೇ ಚಿಕ್ಕದು. ಒಬ್ಬ ಹೊಸ ಹೀರೋ ಬರುತ್ತಾಳೆ, ಜತೆಗೆ ಅವಳ ಹಿಂದಿನ ಬದುಕಿನ ಕತೆ. ಹೊಸ ಪ್ರದೇಶ ಇಲ್ಲ, ಹೊಸ ಕಾಯಿಲೆ ಇಲ್ಲ. ಇಷ್ಟಕ್ಕೇ ರೊಕ್ಕ ಕೊಡಬೇಕಾ ಅಂತ ಅನ್ನಿಸಬಹುದು. ಕೊಡಬೇಕು ಅಂತ ನಾನು ಹೇಳುತ್ತೇನೆ. ಯಾಕೆ ಅಂತ ಆಟದಲ್ಲೇ ನೋಡೋಣ.

ಕೋವ್‌ನಲ್ಲಿ (ಆಟದ ಒಂದು ಪ್ರದೇಶ) ಪೆಲಾಜಿಕ್ ಗಾರ್ಡಿಯನ್ ಅಂತ ಒಂದು ಶತ್ರು ಇದೆ. ಗುರಾಣಿ ಹಿಡಿದ ಮೀನು-ಮನುಷ್ಯ. ಮೈಗೆ ಗಟ್ಟಿ ರಕ್ಷಣೆ ಬೇರೆ, ಸಾಲದ್ದಕ್ಕೆ ಜತೆಗಾರರಿಗೂ ಅಡ್ಡ ನಿಲ್ಲುತ್ತದೆ. ನಿಮ್ಮ ಹೀರೋ ಕ್ರುಸೇಡರ್ ಕತ್ತಿ ಬೀಸಿದರೆ ಅರ್ಧ ಪೆಟ್ಟು ಗುರಾಣಿಯೇ ನುಂಗುತ್ತದೆ. ಇತ್ತ ನಿಮ್ಮವರ ಸ್ಟ್ರೆಸ್ ಏರುತ್ತಿರುತ್ತದೆ. ಶೀಲ್ಡ್‌ಬ್ರೇಕರ್‌ಳ ‘ಪಿಯರ್ಸ್’ ಆ ರಕ್ಷಣೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈಟಿ ನೇರ ಒಳಗೆ. ‘ಪಂಕ್ಚರ್’ ಹೊಡೆದರೆ ಅಡ್ಡ ನಿಲ್ಲುವ ಆಟವೇ ಬಂದ್. ಎಷ್ಟೋ ಸುತ್ತು ಎಳೆಯುತ್ತಿದ್ದ ಜಗಳ ಬೇಗ ಮುಗಿಯುತ್ತದೆ. ಈ ಆಟದಲ್ಲಿ ಜಗಳ ಬೇಗ ಮುಗಿಸಿದಷ್ಟೂ ಸ್ಟ್ರೆಸ್ ಕಡಿಮೆ, ಸ್ಟ್ರೆಸ್ ಕಡಿಮೆಯಾದಷ್ಟೂ ಹಳ್ಳಿಯಲ್ಲಿ ಖರ್ಚು ಕಡಿಮೆ.

ಅವಳನ್ನು ಆಡಿಸುವುದಕ್ಕೆ ಕಲಿಯಬೇಕಾದದ್ದು ಒಂದಿದೆ. ಅವಳು ಒಂದು ಕಡೆ ನಿಲ್ಲುವುದಿಲ್ಲ. ಪಿಯರ್ಸ್ ಹೊಡೆದರೆ ಒಂದು ಹೆಜ್ಜೆ ಮುಂದೆ, ವಿಷದ ‘ಆಡರ್ಸ್ ಕಿಸ್’ ಹೊಡೆದರೆ ಒಂದು ಹೆಜ್ಜೆ ಹಿಂದೆ. ಪಕ್ಕದಲ್ಲಿ ಲೆಪರ್ ಥರ ಜಾಗ ಬಿಡಲಾಗದವರನ್ನು ನಿಲ್ಲಿಸಿದರೆ ಸಾಲೆಲ್ಲ ಗೋಜಲಾಗುತ್ತದೆ. ಹೈವೇಮನ್ ಥರ ತಾನೂ ಹಿಂದೆ-ಮುಂದೆ ಓಡಾಡುವವನು ಜತೆಗಿದ್ದರೆ ಹೊಂದಿಕೆ ಕೂಡುತ್ತದೆ.

ಸುಮ್ಮನಿರುತ್ತದಾ? ಹೌದು. ಅವಳನ್ನು ಕರೆದುಕೊಂಡು ಹೋಗಿ, ನಡುವೆ ಕ್ಯಾಂಪ್ ಹಾಕಿದಾಗ ಮಾತ್ರ ಅವಳ ದುಃಸ್ವಪ್ನಗಳು ಎದ್ದು ಬರುತ್ತವೆ. ಹಾವಿನ ಮೈಯ ಶತ್ರುಗಳು ನಡುರಾತ್ರಿ ಮೇಲೆ ಬೀಳುತ್ತವೆ. ಒಂದು ಪೆಟ್ಟನ್ನು ಪೂರ್ತಿ ತಡೆಯುವ ಹುರುಪೆ ಅವುಗಳ ಮೈಮೇಲೆ. ಹಾಗಾಗಿ ಒಂದು ದೊಡ್ಡ ಹೊಡೆತಕ್ಕಿಂತ ನಾಲ್ಕು ಸಣ್ಣ ಹೊಡೆತ ಇಲ್ಲಿ ಕೆಲಸಕ್ಕೆ ಬರುತ್ತವೆ. ಈ ಜಗಳಗಳು ಹಗುರ ಅಲ್ಲ. ತಂಡ ಸೋತು ಸುಣ್ಣವಾಗಿದ್ದಾಗ ಅವಳನ್ನು ಇಟ್ಟುಕೊಂಡು ಕ್ಯಾಂಪ್ ಹಾಕಬೇಡಿ. ಆದರೆ ಅವಳನ್ನು ಹಳ್ಳಿಯಲ್ಲೇ ಬಿಟ್ಟು ಹೋದರೆ, ಅಥವಾ ಕ್ಯಾಂಪ್ ಇಲ್ಲದ ಚಿಕ್ಕ ಮಿಷನ್‌ಗೆ ಹೋದರೆ, ಏನೂ ಆಗುವುದಿಲ್ಲ. ಮೂಲ ಆಟ ಸ್ವಲ್ಪ ಕೈಗೆ ಹತ್ತಿದ ಹೊಸಬರಿಗೂ ನಾನು ಧೈರ್ಯವಾಗಿ ಹೇಳುವ ಡಿಎಲ್‌ಸಿ ಇದೊಂದೇ.

ಕಲರ್ ಆಫ್ ಮ್ಯಾಡ್‌ನೆಸ್: ಹೊಡೆದಾಟ ಇಷ್ಟಪಡುವವರಿಗೆ

ಆಕಾಶದಿಂದ ಧೂಮಕೇತು ಬಂದು ಒಂದು ಹೊಲಮನೆಯ ಮೇಲೆ ಬಿದ್ದಿದೆ. ಅಲ್ಲಿನ ಕೂಲಿಗಳು, ಗಿರಣಿಯ ಯಜಮಾನ, ಎಲ್ಲರೂ ಹರಳುಗಟ್ಟಿದ ಹೆಣಗಳ ಹಾಗೆ ಎದ್ದು ಓಡಾಡುತ್ತಿದ್ದಾರೆ. ನೋಡುವುದಕ್ಕೆ ಮೂರರಲ್ಲಿ ನನಗೆ ಇದೇ ಅತಿ ಇಷ್ಟ. ನೀಲಿ-ನೇರಳೆ ಬೆಳಕು, ಒಣಗಿದ ಬೆಳೆ, ನಿಂತುಹೋದ ಕಾಲ. ಬಯಲುಸೀಮೆಯ ಹೊಲ ನೋಡಿ ಬೆಳೆದವರಿಗೆ ಆ ಭಯ ಕೊಂಚ ಜಾಸ್ತಿಯೇ ತಟ್ಟುತ್ತದೆ.

ಇಲ್ಲಿ ಕಾರಿಡಾರ್‌ಗಳಲ್ಲಿ ನಡೆದು, ಪೆಟ್ಟಿಗೆ ತೆಗೆದು, ಕೋಣೆ ಹುಡುಕುವ ಕೆಲಸ ಇಲ್ಲ. ಅಲೆ ಅಲೆಯಾಗಿ ಜಗಳ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಮೊದಲು ಮಿಲ್ಲರ್, ಆಮೇಲೆ ಸ್ಲೀಪರ್ ಎಂಬ ಬಾಸ್ (ದೊಡ್ಡ ಶತ್ರು), ಅದಾದ ಮೇಲೆ ಕೊನೆಯೇ ಇಲ್ಲದ ಅಲೆಗಳು. ಎಷ್ಟು ಹೊತ್ತು ತಾಳುತ್ತೀರೋ ಅಷ್ಟು ಹರಳು. ಆ ಹರಳು ಕೊಟ್ಟು ಹಳ್ಳಿಯಲ್ಲಿ ವಿಶೇಷ ಟ್ರಿಂಕೆಟ್‌ಗಳನ್ನು ಕೊಳ್ಳಬಹುದು. ಟ್ರಿಂಕೆಟ್ ಅಂದರೆ ಹೀರೋ ತೊಟ್ಟುಕೊಳ್ಳುವ, ಬಲ ಹೆಚ್ಚಿಸುವ ಸಾಮಾನು. ಒಂದೊಂದು ವರ್ಗದ ಹೀರೋಗೆ ಒಂದೊಂದು ಥರದ್ದು. ಕೆಲವಂತೂ ಮೂಲೆಗೆ ಬಿದ್ದಿದ್ದ ಹೀರೋಗಳನ್ನು ಮತ್ತೆ ಮುಂದಕ್ಕೆ ತರುವಷ್ಟು ಜೋರಾಗಿವೆ.

ಸುಮ್ಮನಿರುತ್ತದಾ? ಮುಕ್ಕಾಲು ಪಾಲು ಹೌದು. ಹೊಲಮನೆಗೆ ಹೋಗುವುದು ಬಿಡುವುದು ನಿಮಗೆ ಬಿಟ್ಟಿದ್ದು. ವಾರಗಟ್ಟಲೆ ಅತ್ತ ತಲೆ ಹಾಕದಿದ್ದರೂ ಯಾರೂ ಬಂದು ಕಾಡುವುದಿಲ್ಲ. ಆದರೆ ‘ಥಿಂಗ್ ಫ್ರಮ್ ದಿ ಸ್ಟಾರ್ಸ್’ ಅಂತ ಅಲೆಮಾರಿ ಬಾಸ್ ಒಂದಿದೆ. ಅದು ಬೇರೆ ಡಂಜನ್‌ಗಳಲ್ಲೂ ಹೇಳದೆ ಕೇಳದೆ ಎದುರಾಗಬಹುದು. ತಯಾರಿಲ್ಲದ ತಂಡಕ್ಕೆ ಅದು ದೊಡ್ಡ ಪೆಟ್ಟು.

ಈ ಡಿಎಲ್‌ಸಿಯ ಕೊರತೆ ಏನೆಂದರೆ, ಜಗಳದ ಲೆಕ್ಕಾಚಾರ ಕೈಗೆ ಕೂತಿರದಿದ್ದರೆ ಇಲ್ಲಿ ಕಲಿಯಲು ಪುರುಸೊತ್ತು ಸಿಗುವುದಿಲ್ಲ. ಯಾರು ಯಾವ ಸಾಲಿನಲ್ಲಿ ನಿಂತರೆ ಏನು ಮಾಡಬಲ್ಲರು, ಹೀಲ್ (ಗಾಯ ವಾಸಿ ಮಾಡುವುದು) ಯಾವಾಗ, ಸ್ಟನ್ (ಶತ್ರುವಿನ ಸರದಿ ತಪ್ಪಿಸುವುದು) ಯಾವಾಗ ಅಂತ ಬೆರಳ ತುದಿಯಲ್ಲಿ ಇರಬೇಕು. ಇನ್ನು ಕೆಲವರಿಗೆ ಆಟದಲ್ಲಿ ಇಷ್ಟವಾಗುವುದೇ ಕತ್ತಲ ದಾರಿಯಲ್ಲಿ ಮುಂದಿನ ಹೆಜ್ಜೆಗೆ ಹೆದರುತ್ತಾ ನಡೆಯುವುದು. ಅಂಥವರಿಗೆ ಇದು ಸ್ವಲ್ಪ ಬೋರ್ ಹೊಡೆಸಬಹುದು.

ಕ್ರಿಮ್ಸನ್ ಕೋರ್ಟ್: ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಭಾರ

ದೊಡ್ಡದು ಅನ್ನುವ ಕಾರಣಕ್ಕೇ ಬಹಳ ಜನ ಇದನ್ನು ಮೊದಲು ಕೊಳ್ಳುತ್ತಾರೆ. ಅರ್ಧಕ್ಕೆ ಆಟ ಬಿಟ್ಟೆ ಅಂತ ನನಗೆ ಹೇಳಿದವರಲ್ಲೂ ಇದರ ದೆಸೆಯಿಂದ ಬಿಟ್ಟವರೇ ಜಾಸ್ತಿ. ಹಾಗಂತ ಇದು ಕೆಟ್ಟದ್ದಲ್ಲ. ಕತೆ, ಕಲೆ, ಬಾಸ್‌ಗಳು, ಯಾವುದನ್ನೇ ತೆಗೆದುಕೊಂಡರೂ ಮೂರರಲ್ಲಿ ಅತಿ ಶ್ರೀಮಂತವಾದದ್ದು ಇದೇ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು.

ಕೋರ್ಟ್‌ಯಾರ್ಡ್ ಎಂಬ ಹೊಸ ಪ್ರದೇಶ. ಒಂದು ಕಾಲಕ್ಕೆ ಜಮೀನುದಾರರ ಔತಣ ನಡೆಯುತ್ತಿದ್ದ ತೋಟ, ಈಗ ಕೆಂಪು ಕೆಸರು. ಸೊಳ್ಳೆಯ ಮುಖದ ರಕ್ತಪಿಪಾಸು ಕುಲೀನರು ಅಲ್ಲಿ ಇನ್ನೂ ಔತಣ ನಡೆಸುತ್ತಿದ್ದಾರೆ. ಬ್ಯಾರನ್, ವೈಕೌಂಟ್, ಕೌಂಟೆಸ್ ಎಂಬ ಮೂರು ಬಾಸ್‌ಗಳು. ಅವರ ಬಳಿ ಹೋಗಲು ಆಮಂತ್ರಣ ಪತ್ರ ಬೇಕು. ಅದು ಗೇಟ್‌ಕೀಪರ್ ಅನ್ನುವ ಶತ್ರುವಿನ ಹತ್ತಿರ ಇರುತ್ತದೆ. ಇಲ್ಲಿನ ನಕ್ಷೆಗಳು ಬಹಳ ದೊಡ್ಡವು. ಒಂದೇ ಸಲಕ್ಕೆ ಮುಗಿಯುವುದಿಲ್ಲ. ನಡುವೆ ಹಿಂದೆ ಬಂದು, ತಂಡ ಬದಲಿಸಿ, ಮತ್ತೆ ಅದೇ ನಕ್ಷೆಗೆ ಹೋಗಬಹುದು. ನೀವು ಮಾಡಿದ ಕೆಲಸ ಉಳಿದಿರುತ್ತದೆ.

ಅಸಲು ವಿಷಯ ಕ್ರಿಮ್ಸನ್ ಕರ್ಸ್ ಎಂಬ ಶಾಪ. ರಕ್ತ ಹೀರುವ ಶತ್ರುಗಳು ಕಚ್ಚಿದರೆ ಹೀರೋಗೆ ಇದು ತಗುಲುತ್ತದೆ. ಮೊದಮೊದಲು ಏನೂ ಅನ್ನಿಸುವುದಿಲ್ಲ. ಆಮೇಲೆ ರಕ್ತದ ಹಸಿವು ಶುರು. ‘ದಿ ಬ್ಲಡ್’ ಎಂಬ ಸೀಸೆ ಕೊಡದಿದ್ದರೆ ಹೀರೋ ಸೊರಗುತ್ತಾನೆ, ಇನ್ನೂ ತಡ ಮಾಡಿದರೆ ಸಾಯುತ್ತಾನೆ. ವಾರದ ಬಡ್ಡಿಯ ಕೈಗಡ ಇದ್ದ ಹಾಗೆ ಇದು. ಅಸಲು ತೀರುವವರೆಗೆ ವಾರ ವಾರ ಕಟ್ಟುತ್ತಲೇ ಇರಬೇಕು. ಕೋರ್ಟ್‌ಯಾರ್ಡ್‌ನ ಬಾಸ್ ಒಬ್ಬರನ್ನು ಕೊಂದರೆ ಶಾಪ ತಗುಲಿದವರೆಲ್ಲ ವಾಸಿಯಾಗುತ್ತಾರೆ.

ಇದು ಆಡುವಾಗ ಹೇಗಿರುತ್ತದೆ ಅಂದರೆ, ವೀಲ್ಡ್ ಕಾಡಿನಲ್ಲಿ ಕ್ಯಾಂಪ್ ಹಾಕಿದ್ದೀರಿ. ಗಾಯ ವಾಸಿ ಮಾಡುವ ಹೀರೋ ವೆಸ್ಟಲ್ ಸೊರಗುವ ಹಂತದಲ್ಲಿದ್ದಾಳೆ. ಹೆಲಿಯನ್‌ಗೆ ಹಸಿವು ಈಗ ಶುರುವಾಗಿದೆ. ಚೀಲದಲ್ಲಿ ಒಂದೇ ಸೀಸೆ. ವೆಸ್ಟಲ್‌ಗೆ ಕೊಟ್ಟರೆ ಹೀಲ್ ಉಳಿಯುತ್ತದೆ, ಆದರೆ ಮುಂದಿನ ಕೋಣೆಯಲ್ಲಿ ಹೆಲಿಯನ್ ಹೇಗೆ ನಡೆದುಕೊಳ್ಳುತ್ತಾಳೋ ಹೇಳಲು ಬರುವುದಿಲ್ಲ. ಹೆಲಿಯನ್‌ಗೆ ಕೊಟ್ಟರೆ ವೆಸ್ಟಲ್ ಹಳ್ಳಿ ಮುಟ್ಟುತ್ತಾಳಾ? ಈ ಥರದ ಲೆಕ್ಕ ಮೂಲ ಆಟದಲ್ಲಿ ಇಲ್ಲ. ಇದು ಹೊಸ ರೀತಿಯ ಭಯ, ನಿಜಕ್ಕೂ ಗಟ್ಟಿಯಾದದ್ದು. ಸಾಲದ್ದಕ್ಕೆ ಶಾಪ ತಗುಲಿದವರ ಬೆನ್ನು ಹತ್ತುವ ಫೆನಾಟಿಕ್ ಎಂಬವನಿದ್ದಾನೆ. ಅವನು ನಿಮ್ಮ ಹೀರೋನನ್ನು ಹಿಡಿದು ಕಂಬಕ್ಕೆ ಕಟ್ಟಿ ಸುಡುತ್ತಾನೆ. ಅವನು ಯಾವ ಡಂಜನ್‌ನಲ್ಲಾದರೂ ಎದುರಾಗಬಹುದು.

ಹಾಗಾದರೆ ಸುಮ್ಮನಿರುತ್ತದಾ? ಇಲ್ಲ. ಆದರೆ ಒಂದು ದಾರಿ ಇದೆ. ಕೋರ್ಟ್‌ಯಾರ್ಡ್‌ನ ಮೊದಲ ಮಿಷನ್ ಪಟ್ಟಿಯಲ್ಲಿ ಕಾಣಿಸಿಕೊಂಡ ಕೂಡಲೇ ಕೈ ಹಾಕಬೇಡಿ. ಅದನ್ನು ಮುಗಿಸಿದ ಮೇಲೆಯೇ ಸೊಳ್ಳೆಗಳು ಬೇರೆ ಪ್ರದೇಶಗಳಿಗೂ ಹಬ್ಬುವುದು. ಹೀರೋಗಳು ಹತ್ತು-ಹನ್ನೆರಡು ಜನ ಒಟ್ಟಾಗುವವರೆಗೆ, ಕಮ್ಮಾರನ ಅಂಗಡಿ ಒಂದಿಷ್ಟು ಮೇಲೇರುವವರೆಗೆ, ಅದನ್ನು ಹಾಗೇ ಬಿಟ್ಟಿರಿ. ಈ ಒಂದು ಮಾತು ಗೊತ್ತಿದ್ದರೆ ಕ್ರಿಮ್ಸನ್ ಕೋರ್ಟ್‌ನ ಅರ್ಧ ಹೊರೆ ಇಳಿದಂತೆ.

ಹಾಗೆ ಕಾಯುವಾಗಲೂ ಈ ಡಿಎಲ್‌ಸಿಯಿಂದ ನಿಮಗೆ ಲಾಭ ಉಂಟು. ಫ್ಲ್ಯಾಜೆಲೆಂಟ್ ಎಂಬ ಹೀರೋ ಆಗಲೇ ಬರತೊಡಗುತ್ತಾನೆ. ತನ್ನ ಮೈಗೇ ಪೆಟ್ಟು ಮಾಡಿಕೊಳ್ಳುವವನು. ಅವನ ಜೀವ ಕುಗ್ಗಿದಾಗಲೇ ಅವನ ಕೈ ಜೋರು. ರಕ್ತ ಸುರಿಸುವ ಹೊಡೆತ, ಬೇರೆಯವರ ಸ್ಟ್ರೆಸ್ ತಾನು ಹೊತ್ತುಕೊಳ್ಳುವ ಗುಣ, ಎರಡೂ ಇವೆ. ಒಂದು ತಂಡದಲ್ಲಿ ಒಬ್ಬನನ್ನೇ ಇಟ್ಟುಕೊಳ್ಳಬಹುದು. ಹಳ್ಳಿಯಲ್ಲಿ ಡಿಸ್ಟ್ರಿಕ್ಟ್ ಕಟ್ಟಡಗಳನ್ನೂ ಕಟ್ಟಬಹುದು. ಇಟ್ಟ ರೊಕ್ಕಕ್ಕೆ ಬಡ್ಡಿ ಕೊಡುವ ಬ್ಯಾಂಕ್ ಒಂದು, ರಕ್ತದ ಸೀಸೆ ತಯಾರಿಸುವ ‘ಸ್ಯಾಂಗ್ವಿನ್ ವಿಂಟ್ನರ್ಸ್’ ಇನ್ನೊಂದು. ಕಟ್ಟಲು ಖರ್ಚು ಬಹಳ. ಎರಡನೆಯದನ್ನು ಕಟ್ಟಿಕೊಂಡರೆ ಶಾಪದ ಕಾಟದಲ್ಲಿ ನೆಮ್ಮದಿ ಸಿಗುತ್ತದೆ.

ಇಂಗ್ಲಿಷ್ ಬಗ್ಗೆ ಒಂದು ಮಾತು. ಈ ಆಟದ ನಿರೂಪಣೆ ವೇಯ್ನ್ ಜೂನ್ ಅವರದು. ಆ ದನಿಯೇ ಆಟದ ಅರ್ಧ ಜೀವ. ಆದರೆ ಭಾಷೆ ಹಳೆಯ ಕಾಲದ ಗಡಸು ಇಂಗ್ಲಿಷ್. ಶೀಲ್ಡ್‌ಬ್ರೇಕರ್, ಕಲರ್ ಆಫ್ ಮ್ಯಾಡ್‌ನೆಸ್ ಎರಡನ್ನೂ ಮಾತು ಪೂರ್ತಿ ತಿಳಿಯದಿದ್ದರೂ ಆನಂದಿಸಬಹುದು. ಕ್ರಿಮ್ಸನ್ ಕೋರ್ಟ್‌ನ ಕತೆ ಮಾತ್ರ ಆ ಮಾತಿನಲ್ಲೇ ಇದೆ. ಸಬ್‌ಟೈಟಲ್ ಹಾಕಿಕೊಂಡು ನಿಧಾನ ಓದಿಕೊಳ್ಳಿ, ಅವಸರ ಬೇಡ.

ಬುಚರ್ಸ್ ಸರ್ಕಸ್

ಇನ್ನೊಬ್ಬ ಆಟಗಾರರ ತಂಡದ ಎದುರು ನಿಮ್ಮ ತಂಡ ಇಳಿಸಿ ಆಡುವ ಆನ್‌ಲೈನ್ ಕಣ. ನಿಮ್ಮ ಮೂಲ ಆಟಕ್ಕೆ ಇದರಿಂದ ಏನೂ ಏರುಪೇರಿಲ್ಲ. ಉಚಿತ, ಹಾಕಿಕೊಂಡು ನೋಡಿ. ಮಸ್ಕೆಟೀರ್ ಎಂಬ ಹೀರೋ ಕೂಡ ಉಚಿತವಾಗಿಯೇ ಸಿಗುತ್ತಾಳೆ. ಅವಳು ಮೂಲ ಆಟದ ಹೀರೋ ಆರ್ಬಲೆಸ್ಟ್‌ಳ ಅಕ್ಕತಂಗಿಯಂತೆ, ಆಟದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ನೀವು ಯಾರು ಅನ್ನುವುದರ ಮೇಲೆ

ದಿನಕ್ಕೆ ಒಂದು ತಾಸು ಮಾತ್ರ ಸಿಗುವವರು, ಅಂಗಡಿ ಇಟ್ಟವರು, ಡ್ಯೂಟಿ ಮುಗಿಸಿ ಬರುವವರು ಶೀಲ್ಡ್‌ಬ್ರೇಕರ್ ಮೊದಲು ಕೊಳ್ಳಿ. ಚಿಕ್ಕ ಮಿಷನ್‌ಗಳಲ್ಲೂ ಅವಳು ಉಪಯೋಗಕ್ಕೆ ಬರುತ್ತಾಳೆ. ಕ್ರಿಮ್ಸನ್ ಕೋರ್ಟ್ ನಿಮಗೆ ಕಷ್ಟ. ತೊಂದರೆ ನಕ್ಷೆಯ ಉದ್ದದಲ್ಲಿಲ್ಲ, ನಡುವೆ ನಿಲ್ಲಿಸಿ ಹೋಗಬಹುದಲ್ವಾ. ಆದರೆ ನಾಲ್ಕು ದಿನ ಬಿಟ್ಟು ಬಂದರೆ ಯಾರಿಗೆ ಶಾಪ, ಯಾವ ಹಂತ, ಎಷ್ಟು ಸೀಸೆ ಅನ್ನುವುದೇ ಮರೆತುಹೋಗಿರುತ್ತದೆ.

ಪರೀಕ್ಷೆ ಮುಗಿದು ರಜೆ ಸಿಕ್ಕಿದೆ, ಧಾರವಾಡದಲ್ಲಿ ಮಳೆ ಹಿಡಿದಿದೆ, ಹೊರಗೆ ಹೋಗುವ ಹಾಗಿಲ್ಲ ಅನ್ನುವವರು ಒಮ್ಮೆಯಾದರೂ ಮೂಲ ಆಟದಲ್ಲಿ ದೂರ ಹೋಗಿದ್ದರೆ ಕ್ರಿಮ್ಸನ್ ಕೋರ್ಟ್‌ಗೆ ಇದೇ ಹೊತ್ತು. ದಿನಾ ಆಡುವವರಿಗೆ ಶಾಪದ ಲೆಕ್ಕ ತಲೆಯಲ್ಲೇ ಇರುತ್ತದೆ, ಆಗ ಅದರ ರುಚಿ ಬೇರೆ.

ಆಟ ಮುಗಿಸಿದ್ದೇನೆ, ತಂಡಗಳನ್ನು ಬೆರೆಸಿ ನೋಡುವುದೇ ನನಗಿಷ್ಟ ಅನ್ನುವವರಿಗೆ ಕಲರ್ ಆಫ್ ಮ್ಯಾಡ್‌ನೆಸ್. ಅದು ಬೇಗ ಹಳತಾಗುವುದಿಲ್ಲ. ಇದಕ್ಕೆ ಶೀಲ್ಡ್‌ಬ್ರೇಕರ್ ಸೇರಿಸಿದರೆ ಒಳ್ಳೆಯ ಜೋಡಿ. ಬೇಡ ಅಂದಾಗ ದೂರ ಇರುವಂಥ ಎರಡನ್ನು ಒಟ್ಟಿಗೆ ಹಾಕಿಕೊಂಡರೆ ಆಟ ಭಾರವಾಗುವುದಿಲ್ಲ.

ಈಗ ತಾನೇ ಆಟ ಕೊಂಡವರು ಯಾವ ಡಿಎಲ್‌ಸಿಯೂ ಇಲ್ಲದೆ ಶುರು ಮಾಡಿ. ಮೂರು-ನಾಲ್ಕು ಹೀರೋಗಳು ವೆಟರನ್ (ನಡುವಿನ) ಮಟ್ಟ ಮುಟ್ಟಲಿ, ಆಮೇಲೆ ನೋಡೋಣ. ಮೂಲ ಆಟವೇ ಉಸಿರು ಕಟ್ಟಿಸುತ್ತಿದ್ದರೆ ಡಿಎಲ್‌ಸಿಗಿಂತ ಮೊದಲು ರೇಡಿಯಂಟ್ ಮೋಡ್ ನೋಡಿ. ಇದು 2017ರಲ್ಲಿ ಬಂದದ್ದು. ಹೀರೋಗಳು ಬೇಗ ಮೇಲೇರುತ್ತಾರೆ, ಆಟ ಚಿಕ್ಕದಾಗುತ್ತದೆ, ಮೇಲಿನ ಮಟ್ಟದವರು ‘ಈ ಚಿಕ್ಕ ಕೆಲಸಕ್ಕೆ ನಾನು ಬರಲ್ಲ’ ಅಂತ ಹಟ ಹಿಡಿಯುವುದೂ ಕಡಿಮೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಕ್ರಿಮ್ಸನ್ ಕೋರ್ಟ್ ಕೂಡ ರೇಡಿಯಂಟ್‌ನಲ್ಲಿ ಆಡಿದರೆ ಹೆಚ್ಚು ಸಹಿಸಿಕೊಳ್ಳುವಂತಿರುತ್ತದೆ. ಸ್ಟಿಜಿಯನ್, ಬ್ಲಡ್‌ಮೂನ್ ಮೋಡ್‌ಗಳಲ್ಲಿ ವಾರಗಳಿಗೂ ಸಾವಿಗೂ ಮಿತಿ ಇದೆ. ಅಲ್ಲಿ ಈ ಶಾಪದ ಜತೆ ಆಡುವುದು ಪಳಗಿದವರ ಕೆಲಸ.

ರೊಕ್ಕ ಮತ್ತು ಕಂಪ್ಯೂಟರ್

ಪೂರ್ತಿ ಬೆಲೆಗೆ ಕೊಳ್ಳುವ ಅವಸರ ಬೇಡ. ಈ ಆಟ ಮತ್ತು ಅದರ ಡಿಎಲ್‌ಸಿಗಳು ಸ್ಟೀಮ್‌ನ ದೊಡ್ಡ ಸೇಲ್‌ಗಳಲ್ಲಿ ಅಗ್ಗವಾಗುತ್ತಲೇ ಇರುತ್ತವೆ. ಯುಪಿಐನಲ್ಲೇ ಕಟ್ಟಬಹುದು. ಆನ್ಸೆಸ್ಟ್ರಲ್ ಎಡಿಷನ್ ಅಂತ ಡಿಎಲ್‌ಸಿ ಸೇರಿಸಿದ ಕಟ್ಟು ಒಂದಿದೆ. ಕೊಳ್ಳುವ ಮುಂಚೆ ಅದರೊಳಗೆ ಏನೇನಿದೆ ಅಂತ ಪಟ್ಟಿ ನೋಡಿ, ಬಿಡಿಬಿಡಿಯಾಗಿ ಕೊಳ್ಳುವ ಬೆಲೆಯ ಜತೆ ಹೋಲಿಸಿ. ಕಿಸೆಯಲ್ಲಿ ಒಂದಕ್ಕೆ ಮಾತ್ರ ರೊಕ್ಕ ಇದ್ದರೆ ಅತಿ ಅಗ್ಗದ ಶೀಲ್ಡ್‌ಬ್ರೇಕರ್ ಕೊಂಡು ಉಳಿದದ್ದಕ್ಕೆ ಮುಂದಿನ ಸೇಲ್ ಕಾಯಿರಿ. ಅದೂ ಇಲ್ಲದಿದ್ದರೆ ಸ್ಟೀಮ್ ವರ್ಕ್‌ಶಾಪ್‌ನಲ್ಲಿ ಅಭಿಮಾನಿಗಳು ಮಾಡಿದ ಹೀರೋಗಳು ಉಚಿತವಾಗಿ ಸಿಗುತ್ತಾರೆ.

ಡಿಎಲ್‌ಸಿ ಹಿಡಿಸದಿದ್ದರೆ ವಾಪಸ್ ಕೊಡಬಹುದು. ಕೊಂಡ 14 ದಿನದೊಳಗೆ ಕೇಳಬೇಕು, ಕೊಂಡ ಮೇಲೆ ಮೂಲ ಆಟವನ್ನು 2 ತಾಸಿಗಿಂತ ಕಡಿಮೆ ಆಡಿರಬೇಕು. ಈ ಎರಡು ತಾಸಿನಲ್ಲಿ ಕ್ರಿಮ್ಸನ್ ಕೋರ್ಟ್‌ನ ನಿಜವಾದ ಭಾರ ಗೊತ್ತಾಗುವುದಿಲ್ಲ. ಹಾಗಾಗಿ ಅದನ್ನು ಮಾತ್ರ ಸುಮ್ನೆ ಪರೀಕ್ಷೆಗೆ ಅಂತ ಕೊಳ್ಳಬೇಡಿ.

ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ ಸಮಾಧಾನದ ಸುದ್ದಿ. ಕೈಯಲ್ಲಿ ಬರೆದಂಥ ಎರಡು ಆಯಾಮದ ಚಿತ್ರಗಳ ಆಟ ಇದು, 2 ಜಿಬಿ ರ್‍ಯಾಮ್ ಸಾಕು ಅಂತ ಕಂಪನಿಯೇ ಹೇಳುತ್ತದೆ. ಮೂಲ ಆಟ ಓಡುತ್ತಿದ್ದರೆ ಡಿಎಲ್‌ಸಿಗಳೂ ಓಡುತ್ತವೆ.

ಕೊಳ್ಳುವಾಗ ಹೆಸರು ಸರಿಯಾಗಿ ನೋಡಿ. ಬೈಂಡಿಂಗ್ ಬ್ಲೇಡ್, ಇನ್‌ಹ್ಯೂಮನ್ ಬಾಂಡೇಜ್ ಎಂಬ ಡಿಎಲ್‌ಸಿಗಳೂ ಹುಡುಕಾಟದಲ್ಲಿ ಬರುತ್ತವೆ. ಅವು ಡಾರ್ಕೆಸ್ಟ್ ಡಂಜನ್ 2ರವು, ಮೊದಲ ಆಟಕ್ಕೆ ಕೂಡುವುದಿಲ್ಲ. ಇನ್ನು ಕ್ರಿಮ್ಸನ್ ಕೋರ್ಟ್ ಆನ್ ಮಾಡುವ ದಿನ ಹಳೆಯ ಸೇವ್ ಮುಟ್ಟಬೇಡಿ, ಹೊಸದೊಂದನ್ನು ಶುರು ಮಾಡಿ. ಹಿಡಿಸದಿದ್ದರೆ ಹಳೆಯ ತಂಡ ಹಳ್ಳಿಯಲ್ಲಿ ಹಾಗೇ ಇರುತ್ತದೆ.